ಬ್ರೆಡ್ಡಿನ ಒಲೆಗೆ ಇನ್ನೊಂದು ಕೈ

ಟಪ್, ಟಪ್, ಒಂದು ಕೆಮ್ಮು, ಮತ್ತೆ ಟಪ್. ಒದ್ದೆ ಮಣ್ಣಿನ ಮೇಲೆ ಮರದ ಹಲಗೆ ಬಡಿಯುವ ಸದ್ದು ಅದು. ನಡುವಿನ ಕೆಮ್ಮು ನನ್ನ ಸೋದರಮಾವನದು. ಅರವತ್ತರ ದಶಕದ ಶುರುವಿನ ಒಂದು ಬೇಸಿಗೆಯಲ್ಲಿ, ಬಸ್ರೂರಿನ ಅಜ್ಜಿಮನೆಯಲ್ಲಿ, ನಾನು ದಿನಾ ಏಳುತ್ತಿದ್ದದ್ದು ಈ ಸದ್ದಿಗೆ. ಕಾನ್ವೆಂಟ್ ಹಾಸ್ಟೆಲಿನ ಗಂಟೆಗೆ ಏಳುತ್ತಿದ್ದವಳಿಗೆ ಅದು ಪ್ರಮೋಷನ್ನೋ ಡಿಮೋಷನ್ನೋ ಎಂದು ಇವತ್ತಿಗೂ ತೀರ್ಮಾನಿಸಿಲ್ಲ.

ಈಗ ಅದು ನೆನಪಾಗಲು ಕಾರಣ ನನ್ನ ತಂಗಿಯ ಮಗಳು ಸುಮ. ಬೈಂದೂರಿನಲ್ಲಿ ಕಡಲ ಹತ್ತಿರ ಹೋಮ್‌ಸ್ಟೇ ನಡೆಸುತ್ತಾಳೆ, ಅಂಗಳದಲ್ಲಿ ಇಟ್ಟಿಗೆಯ ಪಿಜ್ಜಾ ಓವನ್ ಕಟ್ಟಿಸಿದ್ದಾಳೆ. ಮೊನ್ನೆ ಫೋನ್ ಮಾಡಿ, "ದೊಡ್ಡಮ್ಮ, ಎಲ್ಲ ಆಯ್ತ್. ಇನ್ನ್ ಫಿನಿಷಿಂಗ್ ಟಚಸ್ ಮಾತ್ರ. ಒಂದ್ ವಾರ" ಎಂದಳು. ಒಳ್ಳೆಯದಾಗಲಿ ಎಂದೆ. ನನ್ನ ಅನುಭವದಲ್ಲಿ ಇಂಥ ಒಲೆ ಕಟ್ಟಲು ಹನ್ನೆರಡು ದಿನ ಸಾಕು, ಫಿನಿಷಿಂಗ್ ಟಚ್‌ಗೆ ಏಳು ವಾರ ಬೇಕು. ಅನುಭವ ಎಂದರೆ ಸುಮ್ಮನೆ ಅಲ್ಲ. ಹದಿನೈದನೆಯ ವಯಸ್ಸಿನಲ್ಲಿ ನಾನು ಆ ವಿಷಯದಲ್ಲಿ ಇಡೀ ಬಸ್ರೂರಿಗೆ ಏಕೈಕ ಎಕ್ಸ್‌ಪರ್ಟ್ ಆಗಿದ್ದೆ.

ಮಾವನ ಹೆಸರು ಜಗನ್ನಾಥ, ಮನೆಯವರಿಗೆ ಜಗ್ಗ. ನಮ್ಮ ಕಡೆಯ ಗಂಡುಮಕ್ಕಳೆಲ್ಲ ಬೊಂಬಾಯಿಗೆ ಹೋಗಿ ಹೋಟೆಲು ಸೇರುತ್ತಿದ್ದ ಕಾಲದಲ್ಲಿ ಇವನೊಬ್ಬ ಬೇಕರಿ ಸೇರಿದ. ಅವನ ತಾಯಿ, ನನ್ನ ಅಮ್ಮಮ್ಮನ ಲೆಕ್ಕದಲ್ಲಿ ಅದು ಸನ್ಯಾಸ ತೆಗೆದುಕೊಂಡದ್ದಕ್ಕಿಂತ ಸ್ವಲ್ಪ ಮಾತ್ರ ವಾಸಿ. ಹದಿನೈದು ವರ್ಷ ಒಂದು ಕತ್ತಲೆ ಕೋಣೆಯಲ್ಲಿ ಒಲೆಯ ಮುಂದೆ ಕೂತು ಮೈದಾಹಿಟ್ಟನ್ನು ಉಸಿರಾಡಿದ. ಕೊನೆಗೆ ಹಿಟ್ಟು ಎದೆಗೆ ಇಳಿದು ಕೆಮ್ಮು ಹಿಡಿಯಿತು. ಆ ಕೋಣೆ ಬಿಟ್ಟರೆ ಬದುಕುತ್ತೀ ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಬೇಕರಿಯ ಧಣಿ ಒಳ್ಳೆಯವ. ಜೂನ್ ಒಂದರವರೆಗೆ ನಿನ್ನ ಜಾಗ ಖಾಲಿ ಇಟ್ಟಿರುತ್ತೇನೆ, ಆಮೇಲೆ ಬೇರೆಯವನನ್ನು ನೋಡುತ್ತೇನೆ ಎಂದು ಕಳಿಸಿದ್ದ.

ಮಾವನ ಪ್ಲಾನ್ ಸರಳವಾಗಿತ್ತು. ಹಿತ್ತಲಲ್ಲಿ, ಬಯಲಿನಲ್ಲಿ, ಗಾಳಿ ಆಡುವಲ್ಲಿ ಒಂದು ಬ್ರೆಡ್ಡಿನ ಒಲೆ. ಹೊಗೆ, ಹಿಟ್ಟು ಎರಡೂ ಹೊಳೆಯ ಕಡೆಗೆ ಹಾರಿಹೋಗಬೇಕು. ಮೇ ಮುಗಿಯುವುದರೊಳಗೆ ಬ್ರೆಡ್ ಮಾಡಿ, ಊರಿನವರು ತೆಗೆದುಕೊಂಡರೆ ಇಲ್ಲೇ ಇರುವುದು. ಇಲ್ಲವಾದರೆ ಹುಬ್ಬಳ್ಳಿ ಬಸ್ಸು ಹತ್ತಿ, ಅಲ್ಲಿಂದ ರೈಲು ಹಿಡಿದು, ಮತ್ತೆ ಅದೇ ಕೋಣೆ.

ಬಸ್ರೂರಿನಲ್ಲಿ ಆಗ ಬ್ರೆಡ್ ಎಂದರೆ ಔಷಧಿ. ಜ್ವರ ಬಂದವರಿಗೆ ಕುಂದಾಪುರದಿಂದ ತರಿಸಿ ಹಾಲಿನಲ್ಲಿ ಅದ್ದಿ ತಿನ್ನಿಸುವ ವಸ್ತು. ಆರೋಗ್ಯವಂತರು ಬ್ರೆಡ್ ಹಿಡಿದುಕೊಂಡು ಹೋಗುತ್ತಿದ್ದರೆ ಎದುರು ಬಂದವರು "ಮನೀಲ್ ಯಾರಿಗ್ ಹುಷಾರಿಲ್ಲೆ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಮಾವನ ಭವಿಷ್ಯ ಊರಿನ ಅನಾರೋಗ್ಯವನ್ನು ನಂಬಿ ನಿಂತಿತ್ತು.

ಒಲೆಯೇನೋ ಬೇಗ ಎದ್ದಿತು. ಹಂಚಿನ ಕಾರ್ಖಾನೆಯಲ್ಲಿ ಸೊಟ್ಟಗೆ ಸುಟ್ಟ ಇಟ್ಟಿಗೆಗಳು ದೋಣಿಯಲ್ಲಿ ಬಂದವು. ತಳಕ್ಕೆ ಒಡೆದ ಸೋಡಾಬಾಟಲಿಯ ಗಾಜು, ಅದರ ಮೇಲೆ ಒಂದು ಮೂಟೆ ಉಪ್ಪು. ಶಾಖ ಹಿಡಿದಿಡಲು ಬೊಂಬಾಯಿಯಲ್ಲಿ ಹಾಗೆಯೇ ಮಾಡುತ್ತಾರಂತೆ. "ಹದಿನೈದ್ ವರ್ಷ ಹೋಯ್ ಉಪ್ಪ್ ಹುಗುದ್ ಕಲ್ತ್ ಬಂದ" ಎಂದು ಅಮ್ಮಮ್ಮ ಬಾವಿಗೆ ಕೇಳಿಸುವಂತೆ ಹೇಳಿದಳು. ಒದ್ದೆ ಮರಳನ್ನು ಅನ್ನದ ರಾಶಿಯ ಹಾಗೆ ಒಟ್ಟಿ, ಅದರ ಮೇಲೆ ಇಟ್ಟಿಗೆ ಜೋಡಿಸಿ, ಮಣ್ಣು ಮೆತ್ತಿ, ಕೊನೆಗೆ ಬಾಯಿಂದ ಮರಳನ್ನೆಲ್ಲ ತೋಡಿ ತೆಗೆದರು. ಗುಮ್ಮಟ ಬೀಳಲಿಲ್ಲ. ಕಟ್ಟಿದವನು ನರಸ ಮೇಸ್ತ್ರಿ. ಜನ್ಮದಲ್ಲಿ ಬಾವಿಕಟ್ಟೆ, ಬಚ್ಚಲೊಲೆ ಮತ್ತು ದೈವದ ಗುಡಿ ಬಿಟ್ಟು ಬೇರೇನೂ ಕಟ್ಟಿದವನಲ್ಲ. ಗುಮ್ಮಟ ನಿಂತದ್ದಕ್ಕೆ ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನೂ ಅವನೇ.

ನಾನು ಆಗಷ್ಟೇ ರಜೆಗೆ ಬಂದಿದ್ದೆ. ಒಲೆಯನ್ನು ಸುತ್ತುಹಾಕಿ ನೋಡಿ, "ಇನ್ನು ಫಿನಿಷಿಂಗ್ ಟಚಸ್ ಕೊಟ್ಟರೆ ಆಯ್ತು" ಎಂದೆ. ಕಾನ್ವೆಂಟಿನಲ್ಲಿ ನಮ್ಮ ನೀಡಲ್‌ವರ್ಕ್ ಸಿಸ್ಟರ್ ಪ್ರತಿ ಕರವಸ್ತ್ರಕ್ಕೂ ಹೇಳುತ್ತಿದ್ದ ಮಾತು ಅದು.

"ಹಾಂಗಂದ್ರೆ ಎಂತ?" ಎಂದು ಅಮ್ಮಮ್ಮ ಕೇಳಿದಳು.

"ಕೆಲಸ ಮುಗಿದ ಮೇಲೆ ಚಂದಕ್ಕೆ ಮಾಡುವ ಕೆಲಸ."

"ಮುಗ್ದ್ ಮೇಲೂ ಕೆಲ್ಸ ಇರತ್ತಾ?"

"ಅದೇ ಜಾಸ್ತಿ ಇರುತ್ತೆ."

ಅಮ್ಮಮ್ಮನಿಗೆ ಅಷ್ಟು ಸಾಕಾಯಿತು. ಆಮೇಲೆ ಹಲಸಿನ ಬೇಳೆ ಸುಲಿಯುವ ನೆವದಲ್ಲಿ ನನ್ನನ್ನು ಅಡುಗೆಮನೆಗೆ ಕರೆದಳು.

"ಕೇಣ್ ಇಲ್ಲಿ, ಹೆಣ್ಣೆ. ಒಲಿ ಮುಗುದ್ರೆ ಅವ ಬ್ರೆಡ್ ಮಾಡ್ತ. ಇಲ್ಲ್ ಬ್ರೆಡ್ ತಿಂಬವ್ರ್ ಯಾರಿದ್ರ್? ನಾಲ್ಕ್ ದಿನ ಕಾಂತ, ಬೇಜಾರಾಯ್ ಬೊಂಬಾಯಿಗ್ ಹೋತ. ಹೋದ್ರೆ ಆ ಎದಿ ತಕಂಡ್ ತಿರ್ಗಿ ಬತ್ನಾ? ಅರ್ಧ ಮಾಡಿದ್ದ್ ಬಿಟ್ಟ್ ಹೋಪ ಗಂಡಲ್ಲ ಅವ. ಜೂನ್ ಒಂದ್ ದಾಟೂ ವರೆಗೆ ಆ ಒಲಿ ಮುಗೂಕಾಗ."

ಒಲೆ ಮುಗಿಯದಂತೆ ನೋಡಿಕೊಳ್ಳಲು ನಾನು ಏನು ಮಾಡಬೇಕು ಎಂದು ಕೇಳಿದೆ.

"ನಿಂಗ್ ಇಂಗ್ಲಿಷ್ ಬತ್ತ್ ಅಲ್ದಾ? ಪುಸ್ತಕದಲ್ ಹೀಂಗಿತ್ತ್, ಹಾಂಗಿತ್ತ್ ಅಂದ್ಹೇಳಿ ಹೇಳ್ತಾ ಇರ್."

ನನ್ನ ಹತ್ತಿರ ಇದ್ದದ್ದು ಒಂದೇ ಇಂಗ್ಲಿಷ್ ಪುಸ್ತಕ, ಅದೂ ಕಸೂತಿಯದು. ಅದನ್ನು ಬ್ರೌನ್ ಪೇಪರಿನಲ್ಲಿ ಬೈಂಡ್ ಮಾಡಿಟ್ಟಿದ್ದೆ, ಹೊರಗಿನಿಂದ ಯಾವ ಶಾಸ್ತ್ರವೂ ಆಗಬಹುದಿತ್ತು. ಮಾರನೇ ಬೆಳಿಗ್ಗೆಯಿಂದ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು, ಸ್ಯಾಟಿನ್ ಸ್ಟಿಚ್ ಮತ್ತು ಹೆರಿಂಗ್‌ಬೋನ್ ಸ್ಟಿಚ್‌ಗಳ ಪುಟ ತೆರೆದಿಟ್ಟುಕೊಂಡು, ಒಲೆಗೆ ಉಮಿ ಕಲಸಿದ ಮಣ್ಣು ಒಂದು ಕೈ, ಅದು ಒಣಗಿದ ಮೇಲೆ ಬೆಲ್ಲದ ನೀರು ಹಾಕಿದ ಗಾರೆ ಒಂದು ಕೈ ಎಂದು ಓದಿ ಹೇಳತೊಡಗಿದೆ. ಬಳಿತದ ಒಂದೊಂದು ಪದರಕ್ಕೆ ನಮ್ಮಲ್ಲಿ ಒಂದು ಕೈ ಎನ್ನುತ್ತಾರೆ. ಎರಡು ಕೈ ಸಾಕಾಗುವಲ್ಲಿ ನಾನು ಏಳು ಕೈ ಓದಿದೆ. ಒಣಗಲೆಂದು ಮಾವ ಒಳಗೆ ಒಂದು ಹಿಡಿ ತೆಂಗಿನ ಸಿಪ್ಪೆ ಉರಿಸುತ್ತಿದ್ದ. ಕೂದಲೆಳೆಯ ಬಿರುಕು ಕಂಡರೂ ಸಾಕು, ಅಮ್ಮಮ್ಮ ಸಂಕಟಪಡುತ್ತ ಬಂದು, "ಹ್ವಾಯ್ ಜಗ್ಗ, ಬಿರ್ಕ್ ಬಿಟ್ಟಿತ್ತ್ ಕಾಣ್! ಇನ್ನೊಂದ್ ಕೈ ಹೊಡಿಲಿ" ಎನ್ನುತ್ತಿದ್ದಳು. ಬಾಯಿಗೆ ಹಲಸಿನ ಮರದ ಬಾಗಿಲಾಯಿತು. ಅದಕ್ಕೆ ತಗಡು ಹೊಡೆಯಬೇಕೆಂದು ನಾನು ಓದಿದೆ. ತಗಡು ಹೊಡೆದ ಮೇಲೆ ಹಿಡಿಕೆ ಎಡಗಡೆಗೆ ಇರಬೇಕೆಂದು ಓದಿದೆ. ಹಿಡಿಕೆ ಎಡಗಡೆಗೆ ಬಂದ ಮೇಲೆ ಬಲಗಡೆಯೂ ಒಂದು ಇದ್ದರೆ ಒಳ್ಳೆಯದೆಂದು ಪುಸ್ತಕ ಅಭಿಪ್ರಾಯಪಟ್ಟಿತು.

ನನಗೆ ಪಾಪಪ್ರಜ್ಞೆ ಕಾಡದೆ ಇರಲಿಲ್ಲ. ಹಾಸ್ಟೆಲಿನ ಕ್ರಿಶ್ಚಿಯನ್ ಗೆಳತಿಯರಿಗೆ ಸುಳ್ಳು ಹೇಳಿದರೆ ಪಾದ್ರಿಗಳ ಹತ್ತಿರ ಒಪ್ಪಿಸಿ ಬರಲು ಶನಿವಾರ ಎಂದು ಒಂದು ದಿನ ಇತ್ತು. ಶೆಟ್ಟರ ಮನೆಯ ಹುಡುಗಿಯರಿಗೆ ಆ ಫೆಸಿಲಿಟಿ ಇರಲಿಲ್ಲ.

ಮಾವ ಮಾತ್ರ ಎಲ್ಲ ಕೇಳಿ, ತಲೆಯಾಡಿಸಿ, ಬಳಿಯುತ್ತಿದ್ದ. ಒಮ್ಮೆ ನನ್ನ ಹಿಸ್ಟರಿ ನೋಟ್‌ಬುಕ್ಕಿನಲ್ಲಿ ರೋಮಿನ ಹಳೆಯ ದೇವಸ್ಥಾನದ ಗುಮ್ಮಟದ ಚಿತ್ರ ಕಂಡ. ನೆತ್ತಿಯಲ್ಲಿ ದುಂಡಗಿನ ತೂತು. ಬೆಳಕಿಗಾಗಿ ಬಿಟ್ಟದ್ದು ಎಂದು ನಾನು ಟೀಚರ್ ಹೇಳಿದ್ದನ್ನು ಹೇಳಿದೆ. "ಬೆಳಕಿಗಲ್ಲ, ಹೊಗಿಗೆ" ಎಂದ ಮಾವ. "ಯಾರೋ ಬೇಕರಿ ಮಾಡುಕ್ ಹೊರಟಿದ್ದ, ಮನಿಯವ್ರ್ ಬಿಡ್ಲಿಲ್ಲೆ." ನಾನು ಅದನ್ನು ಜೋಕ್ ಎಂದುಕೊಂಡು ನಕ್ಕೆ.

ಫಿನಿಷಿಂಗ್ ಟಚ್ ಎನ್ನುವುದು ಮೋಸದ ಪ್ರಾಣಿ ಎಂದು ನನಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಪಾಯಸ ಇಳಿಸುವಾಗ ಒಂದು ಚಿಟಿಕೆ ಏಲಕ್ಕಿ ಎಂದು ಶುರುವಾಗುತ್ತದೆ, ಕೊನೆಗೆ ಪಾಯಸವನ್ನು ಹುಡುಕಬೇಕಾಗುತ್ತದೆ. ಮದುಮಗಳಿಗೆ ಹೂ ಮುಡಿಸುವವರು ನಾಲ್ಕು ಜನವಾದರೆ ಹುಡುಗನಿಗೆ ಕಾಣುವುದು ಹೂವೇ. ಈ ಪ್ಯಾರಾವನ್ನೇ ನಾನು ಐದು ಸಲ ತಿದ್ದಿದ್ದೇನೆ, ಮೊದಲನೆಯದು ಚೆನ್ನಾಗಿತ್ತು.

ಮೇ ಮೂರನೇ ವಾರಕ್ಕೆ ಪುಸ್ತಕದಲ್ಲಿ ಓದಲು ಏನೂ ಉಳಿಯಲಿಲ್ಲ. ಆಗ ನಮ್ಮನ್ನು ಕಾಪಾಡಿದವನು ನರಸ ಮೇಸ್ತ್ರಿ. ಬೇಕೆಂದು ಮಾಡಿದ್ದಲ್ಲ. ಸುಣ್ಣ ಬಳಿದು ಬಿಡು ಎಂದು ಮಾವ ಹೇಳಿ ಕುಂದಾಪುರಕ್ಕೆ ಮೈದಾ ತರಲು ಹೋಗಿದ್ದ. ಮೇಸ್ತ್ರಿಯ ಕೈಗೆ ಗುಮ್ಮಟದ ಆಕಾರ ಸಿಕ್ಕಿದರೆ ಅದಕ್ಕೆ ಗುಡಿಯದೇ ಅಭ್ಯಾಸ. ಬಿಳಿ ಸುಣ್ಣ ಹೊಡೆದ, ಬುಡಕ್ಕೆ ಕಾವಿಯ ಕೆಂಪು ಪಟ್ಟಿ ಎಳೆದ, ಬಾಯಿಯ ಸುತ್ತ ಇನ್ನೊಂದು ಎಳೆದ, ಎದುರಿಗೆ ದೀಪ ಇಡಲು ಸಣ್ಣ ಗೂಡನ್ನೂ ಕೊರೆದ. ದೂರ ನಿಂತು ನೋಡಿದಾಗ ಅವನಿಗೇ ಭಕ್ತಿ ಬಂದು ಮುಂಡಾಸು ತೆಗೆದ.

ಮಾರನೇ ದಿನ ಮೀನು ಮಾರುವ ಪದ್ದಕ್ಕ ಹಿತ್ತಲಿಗೆ ಬಂದವಳು ಬುಟ್ಟಿ ಕೆಳಗಿಟ್ಟು, ಕಾಲಿನ ಚಪ್ಪಲಿ ಬಿಟ್ಟು ಕೈಮುಗಿದಳು.

"ಹ್ವಾಯ್ ಅಮ್ಮ, ಇದ್ ಯಾವ ದೈವ?"

ಅಮ್ಮಮ್ಮ ತಡವರಿಸಲಿಲ್ಲ. "ಬೊಂಬಾಯಿದ್ದ್" ಎಂದಳು.

ಸಂಜೆಯೊಳಗೆ ಗೂಡಿನಲ್ಲಿ ನಾಲ್ಕು ದಾಸವಾಳ ಕೂತವು. ಎರಡು ದಿನ ಕಳೆದು ಯಾರೋ ಒಂದು ಎಳನೀರನ್ನೂ ಇಟ್ಟರು. ಮಾವ ಸೌದೆ ತಂದರೆ ಊರೇ ಹೌಹಾರಿತು. ದಾಸವಾಳ ಬಿದ್ದ ಜಾಗದೊಳಗೆ ಬೆಂಕಿ ಹಾಕುವುದು ಹೇಗೆ? ದೈವದ ಪಾತ್ರಿಯನ್ನು ಕೇಳದೆ ಮುಟ್ಟಬಾರದು ಎಂದಾಯಿತು. ದೈವ ಮೈಮೇಲೆ ಬರುವ ಆ ಪಾತ್ರಿ ಇದ್ದದ್ದು ಗುಲ್ವಾಡಿಯಲ್ಲಿ. ಕೇಳಿ ಬರಲು ಅಮ್ಮಮ್ಮ ನನ್ನನ್ನು ಕಳಿಸಿದಳು. "ಅವಸರ ಏನಿಲ್ಲೆ ಅಂದ್ಹೇಳಿ ಹೇಳ್" ಎಂದು ಕಿವಿಯಲ್ಲಿ ಉಸುರಿದಳು. ಪಾತ್ರಿಗೂ ಅವಸರ ಇರಲಿಲ್ಲ. ಮಳೆ ಹಿಡಿದ ಮೇಲೆ ಬರುತ್ತೇನೆ ಎಂದ.

ಜೂನ್ ಒಂದು ಬಂತು, ಹೋಯಿತು. ಹನ್ನೊಂದನೇ ದಿನ ಬೊಂಬಾಯಿಯಿಂದ ಕಾರ್ಡು. ಮಾವನ ಜಾಗಕ್ಕೆ ಬೇರೆಯವನನ್ನು ತೆಗೆದುಕೊಂಡಾಯಿತು, ಆರೋಗ್ಯ ನೋಡಿಕೋ ಎಂದು ಧಣಿ ಬರೆಸಿದ್ದ. ಮಾವ ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡ. ಒಂದು ಗಂಟೆ ಕಳೆದಿರಲಿಲ್ಲ, ಅಮ್ಮಮ್ಮ ತಾನೇ ಸುಣ್ಣದ ಬಾಲ್ದಿ ಹಿಡಿದು ಹೋಗಿ ಕೆಂಪು ಪಟ್ಟಿಯ ಮೇಲೆಲ್ಲ ಬಿಳಿ ಬಳಿದಳು. ದಾಸವಾಳಗಳನ್ನು ತೆಗೆದು ತುಳಸಿಕಟ್ಟೆಗೆ ವರ್ಗಾಯಿಸಿದಳು.

"ಪಾತ್ರಿ ಬರ್ಲಿಲ್ಲೆ ಅಲ್ದಾ, ಅಬ್ಬಿ?" ಎಂದು ಮಾವ ತಾಯಿಯನ್ನು ಕೇಳಿದ.

"ಒಲಿ ಒಲಿಯೇ. ಅದ್ಕ್ ಪಾತ್ರಿ ಎಂತಕ್ಕೆ? ಬೆಂಕಿ ಹಾಕ್" ಎಂದಳು ಅಮ್ಮಮ್ಮ, ಐವತ್ತು ದಿನದಿಂದ ಹೇಳುತ್ತ ಬಂದವಳ ಹಾಗೆ.

ತೆಂಗಿನ ಮಡಲಿನ ಚಪ್ಪರದ ಕೆಳಗೆ, ಸುರಿಯುವ ಮಳೆಯಲ್ಲಿ ಒಲೆ ಹೊತ್ತಿತು. ಹಿಟ್ಟು ಉಬ್ಬಿಸಲು ಬೇಕಾದ ಕಳ್ಳು ಆಗ ಕಾನೂನಿಗೆ ವಿರುದ್ಧ. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ಮೊದಲ ಬ್ರೆಡ್ ಹೊರಗೆ ಇದ್ದಿಲು, ಒಳಗೆ ಅಂಟು. ಎರಡನೆಯದು ಬ್ರೆಡ್ಡೇ ಆಗಿತ್ತು. ಆ ವರ್ಷದ ಮಳೆಗಾಲ ಧಾರಾಳವಾಗಿ ಜ್ವರ ಕೊಟ್ಟಿತು, ಮನೆಮನೆಗೂ ಬ್ರೆಡ್ ಹೋಯಿತು. ಗುಣವಾದವರು ಚಾ ಜೊತೆಗೆ ಬನ್ ಕೇಳುವಷ್ಟು ರುಚಿ ಹಿಡಿದರು. ಮಾವ ಹೋಗಲಿಲ್ಲ. ಬಯಲ ಗಾಳಿಗೆ ಕೆಮ್ಮು ಪೂರ್ತಿ ಬಿಡದಿದ್ದರೂ ಅವನ ಜೊತೆ ಹೊಂದಿಕೊಂಡು ಇತ್ತು.

ಆಮೇಲೆ ನಾನು ಮದುವೆಯಾಗಿ ಬ್ರಹ್ಮಾವರಕ್ಕೆ ಬಂದೆ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಮಧ್ಯಾಹ್ನ ಮಾವ ಬುಟ್ಟಿ ತುಂಬ ಬನ್ ಹೊತ್ತು ನನ್ನ ಮಗಳನ್ನು ನೋಡಲು ಬಂದ. ತೆಳ್ಳಗಾಗಿದ್ದ. ಚಾ ಕೊಟ್ಟು ಎದುರು ಕೂತೆ. ಹತ್ತು ವರ್ಷದ ಸುಳ್ಳನ್ನು ಒಪ್ಪಿಸಲು ಅದಕ್ಕಿಂತ ಒಳ್ಳೆಯ ಶನಿವಾರ ಸಿಗುವಂತಿರಲಿಲ್ಲ.

"ಮಾವ, ಆ ವರ್ಷ ನಾನ್ ಓದಿ ಹೇಳಿದ್ದೆಲ್ಲ ಸುಳ್ಳ್. ಒಲಿ ಮುಗಿಬಾರ್ದ್ ಅಂದ್ಹೇಳಿ ಅಮ್ಮಮ್ಮ ಹೇಳ್ಸಿದ್ದ್."

ಮಾವ ಬನ್ನನ್ನು ಚಾದಲ್ಲಿ ಅದ್ದಿ ತಿಂದು ಮುಗಿಸಿದ. "ಗೊತ್ತಿತ್ತ್" ಎಂದ.

"ಯಾವಾಗಿಂದ?"

"ಮೂರ್ನೇ ಕೈಯಿಂದ. ಹದ್ನೈದ್ ವರ್ಷ ಒಲಿ ಮುಂದ್ ಕೂತವ ನಾನ್. ಎಷ್ಟ್ ಕೈ ಸಾಕ್ ಅಂದ್ಹೇಳಿ ನಂಗ್ ಗೊತ್ತಾತಿಲ್ಯಾ?"

"ಮತ್ತೆಂತಕ್ಕೆ ಸುಮ್ನಿದ್ದದ್ದ್?"

"ನಂಗೂ ಹೋಪುಕ್ ಮನಸ್ಸಿರ್ಲಿಲ್ಲೆ ಮಾರಾಯ್ತಿ. ಮೂವತ್ತ್ ವರ್ಷದ ಗಂಡಸ್, ಬೊಂಬಾಯಿ ಅಂದ್ರೆ ಹೆದ್ರಿಕಿ ಆತ್ತ್ ಅಂದ್ಹೇಳಿ ಅಬ್ಬಿ ಹತ್ರ ಹ್ಯಾಂಗ್ ಹೇಳುದ್? ಅಬ್ಬಿಯೇ ಬಳಿ ಬಳಿ ಅಂತಿತ್ತಲೆ. ಬಳ್ದೆ."

ಅಮ್ಮಮ್ಮನಿಗೆ ಇದನ್ನು ಹೇಳಲೇ ಎಂದು ಕೇಳಿದೆ. ಬೇಡವೆಂದು ಕೈಯಾಡಿಸಿದ. "ಮಗನ್ನ ನಾನೇ ಉಳ್ಸ್ಕಂಡದ್ದ್ ಅಂದ್ಹೇಳಿ ಅಬ್ಬಿಗ್ ಒಂದ್ ಖುಷಿ ಇತ್ತ್. ಅದನ್ನ್ ಎಂತಕ್ ತೆಗೂದ್?"

ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಮಾವ ತೀರಿಕೊಂಡ. ಅಮ್ಮಮ್ಮ ಮತ್ತೂ ನಾಲ್ಕು ವರ್ಷ ಇದ್ದಳು. ಕೂತಲ್ಲಿ ನಿಂತಲ್ಲಿ, "ಹತ್ತ್ ವರ್ಷ ಉಳ್ಸ್ಕಂಡೆ ನಾನ್ ಅವನ್ನ" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತು ನಾನು ಹೌದು ಹೌದು ಎನ್ನುತ್ತಿದ್ದೆ. ಸುಳ್ಳೇನೂ ಆಗಿರಲಿಲ್ಲ.

ಮಾವನನ್ನು ನಾನು ಕಂಡದ್ದು ಬ್ರಹ್ಮಾವರದ ಆ ಮಧ್ಯಾಹ್ನವೇ ಕೊನೆ. ಬಸ್ಸಿನವರೆಗೆ ಬಿಡಲು ಹೋಗಿದ್ದೆ. ಒಳಗೆ ಜಾಗ ಇದ್ದರೂ ಬಾಗಿಲ ಹತ್ತಿರವೇ ನಿಂತ. ಗಾಳಿ ಬರುತ್ತದಲ್ಲ ಎಂದ. ಬಸ್ಸು ಹೊರಟಾಗ ಕೈಬೀಸಲು ಒಂದು ಕೈ ಬೇಕಾಯಿತು, ಹಿಡಿದುಕೊಳ್ಳಲು ಇನ್ನೊಂದು. ಖಾಲಿ ಬುಟ್ಟಿಗೆ ಕೈ ಉಳಿಯದೆ ಅದನ್ನು ತಲೆಯ ಮೇಲೆ ಕವುಚಿಕೊಂಡ. ಅದು ಕಣ್ಣಿನವರೆಗೆ ಜಾರಿದ್ದನ್ನೂ ಲೆಕ್ಕಿಸದೆ, ನಾನು ನಿಂತಿದ್ದ ಕಡೆ ಬಿಟ್ಟು ಬೇರೆ ಕಡೆಗೆ, ಬಸ್ಸು ಮರೆಯಾಗುವವರೆಗೂ ಕೈಬೀಸುತ್ತಲೇ ಇದ್ದ.