ಮರಿಗೆ ತೆರೆದಿರುವಷ್ಟು ಹೊತ್ತು

ಅಕ್ಕನೂ ನಾನೂ ಮಾತು ಬಿಟ್ಟದ್ದು ಪತ್ರೊಡೆಯ ವಿಷಯಕ್ಕೆ. ಕೇಳಿದವರು ನಗುತ್ತಾರೆ, ನಗಲಿ. ಕುವೈತಿನಲ್ಲಿರುವ ನಮ್ಮ ಕರಾವಳಿಯವರ ಸಂಘ ಪ್ರತಿವರ್ಷ ಆಟಿ ತಿಂಗಳಲ್ಲಿ ಒಂದು ಊಟದ ದಿನ ಇಟ್ಟುಕೊಳ್ಳುತ್ತದೆ. ಹೊರಗೆ ಮೈ ಸುಡುವ ಬಿಸಿಲು, ಅರ್ಧ ಜನ ರಜೆಗೆ ಊರಿಗೆ ಹೋಗಿರುತ್ತಾರೆ. ಉಳಿದವರು ಎ.ಸಿ. ಸಭಾಂಗಣದಲ್ಲಿ ಕೂತು ಮಳೆಗಾಲದ ಅಡುಗೆ ಉಣ್ಣುತ್ತೇವೆ. ಅಲ್ಲಿ ಪತ್ರೊಡೆ ಎಂದರೆ ನನ್ನ ಅಕ್ಕನದ್ದು. ಎಗೈಲಾ ಬಡಾವಣೆಯ ತನ್ನ ಮನೆಯ ಬಾಲ್ಕನಿಯಲ್ಲಿ, ಪೇಂಟಿನ ಖಾಲಿ ಬಕೆಟ್ಟುಗಳಲ್ಲಿ ಅವಳು ಕೆಸು ಬೆಳೆಸುತ್ತಿದ್ದಳು. ಸಾಲದೇ ಹೋದಷ್ಟು ಎಲೆಯನ್ನು ಅಂಗಡಿಯಿಂದ ತಂದು, ಹಿಂದಿನ ದಿನವಿಡೀ ಹಿಟ್ಟು ಹಚ್ಚಿ, ಸುರುಳಿ ಸುತ್ತಿ ಬೇಯಿಸುತ್ತಿದ್ದಳು.

ಕಳೆದ ವರ್ಷ ಊಟದ ಉಸ್ತುವಾರಿ ನನ್ನ ತಲೆಗೆ ಬಂತು. ಮನೆಯಲ್ಲಿ ಮಾಡಿದ್ದನ್ನು ಒಳಗೆ ಬಿಡುವುದಿಲ್ಲ, ಪರವಾನಗಿ ಇರುವ ಹೋಟೆಲಿನ ಅಡುಗೆಯೇ ಆಗಬೇಕು ಎಂದು ಸಭಾಂಗಣದವರು ಹೇಳಿದರು. ನಾನು ಹೋಟೆಲಿಗೆ ಒಪ್ಪಿಸಿದೆ. ಸಂಜೆ ಅಕ್ಕನಿಗೆ ಹೇಳೋಣ ಎಂದುಕೊಂಡರೆ ಮಧ್ಯಾಹ್ನವೇ ಇನ್ಯಾರೋ ಹೇಳಿಯಾಗಿತ್ತು. "ನನ್ನ ಕೈಯಡುಗೆ ನಿಂಗೆ ಸಾಕಾಗಿದ್ರೆ ನನ್ನತ್ರವೇ ಹೇಳ್ಬಹುದಿತ್ತು" ಎಂದು ಫೋನಿಟ್ಟಳು. ನಾನೂ ಸುಮ್ಮನಿರುವವಳಲ್ಲ. ತಿರುಗಿ ಫೋನ್ ಮಾಡಿ, ಇದು ನಾನು ಮಾಡಿದ ಕಾನೂನಲ್ಲ, ಮಾತುಮಾತಿಗೆ ಮುನಿಸಿಕೊಳ್ಳಲು ನೀನೇನು ಹೊಸ ಮದುಮಗಳಾ ಎಂದು ಕೇಳಿದೆ. ಅಲ್ಲಿಗೆ ಖಲಾಸ್. ಹೋಟೆಲಿನ ಪತ್ರೊಡೆ ತಿಂದವರೆಲ್ಲ ಗಂಟಲು ತುರಿಸುತ್ತದೆಂದು ನೀರು ಕುಡಿದರು. ಹುಣಸೆಹುಳಿ ಕಡಿಮೆಯಾಗಿತ್ತು, ಅಷ್ಟೇ. ನಾನು ಮಾಡಿದ್ದೇ ಸರಿ ಎಂದು ಈಗಲೂ ಹೇಳುತ್ತೇನೆ.

ನಾನು ಸಾಲ್ಮಿಯಾದ ಒಂದು ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಅಲ್ಲಿ ವಿಜ್ಞಾನ ಕಲಿಸುವವರು ಹವಾಯಿ ದ್ವೀಪದ ಒಬ್ಬ ಹೆಂಗಸು. ಟೀಚರ್ ಎಂದು ಕರೆಯುವುದಕ್ಕಿಂತ ಮಕ್ಕಳು ಆಂಟಿ ಎಂದರೇ ಅವರಿಗೆ ಖುಷಿ. ಅವರ ಕಡೆಯಲ್ಲೂ ದೊಡ್ಡವರೆಲ್ಲ ಆಂಟಿ, ಅಂಕಲ್ ಅಂತೆ. ಪಾರ್ಕಿಂಗ್ ಹಿಂದೆ ಬರೀ ಮರಳಿದ್ದ ಜಾಗಕ್ಕೆ ಹಲಗೆ ಕಟ್ಟಿ, ಕುರಿಗೊಬ್ಬರ, ಕ್ಯಾಂಟೀನಿನ ತರಕಾರಿ ಸಿಪ್ಪೆ, ಚಹಾದ ಚರಟ ಎಲ್ಲ ಸುರಿದು ಮಕ್ಕಳ ಕೈಯಿಂದ ಮಣ್ಣು ಮಾಡಿಸಿದರು. ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿದರೆ ಗಂಟುಮೂಟೆ ಕಟ್ಟುವವರು ನಾವು, ನಮ್ಮದಲ್ಲದ ನೆಲಕ್ಕೆ ಈ ಪಾಡೇಕೆ ಎಂದು ನಾನು ಕೇಳಿದ್ದೆ. ನೆಲ ಯಾರದ್ದೂ ಅಲ್ಲ, ಇರುವಷ್ಟು ದಿನ ನೋಡಿಕೊಳ್ಳುವುದಷ್ಟೇ ನಮ್ಮ ಕೆಲಸ, ಅದಕ್ಕೆ ನಮ್ಮಲ್ಲಿ ಮಾಲಮಾ ಅನ್ನುತ್ತಾರೆ ಎಂದರು. ಮಾತೇನೋ ಚೆನ್ನಾಗಿತ್ತು, ಆದರೆ ಗೊಬ್ಬರದ ವಾಸನೆ ಬರುತ್ತಿದ್ದದ್ದು ನನ್ನ ಲೈಬ್ರರಿಯ ಕಿಟಕಿಗೆ.

ಅಲ್ಲಿ ನೆಡಲು ಅವರಿಗೆ ಬೇಕಾಗಿದ್ದದ್ದು ಕೆಸು. ಹವಾಯಿಯವರ ನಂಬಿಕೆಯಲ್ಲಿ ಮೊದಲು ಹುಟ್ಟಿದ್ದು ಕೆಸು, ಆಮೇಲೆ ಮನುಷ್ಯ. ಹಾಗಾಗಿ ಕೆಸು ಎಲ್ಲರಿಗೂ ಹಿರಿಯಣ್ಣ. ತಮ್ಮಂದಿರು ಅಣ್ಣನನ್ನು ನೋಡಿಕೊಳ್ಳಬೇಕು, ಅಣ್ಣ ಅವರ ಹೊಟ್ಟೆ ತುಂಬಿಸುತ್ತಾನೆ. ಸಸಿ ಎಲ್ಲೂ ಸಿಗದೆ ಒದ್ದಾಡುತ್ತಿದ್ದಾಗ ನಾನೇ ಅಕ್ಕನ ಬಕೆಟ್ಟುಗಳಿಂದ ಒಂದಿಷ್ಟು ತಂದುಕೊಟ್ಟಿದ್ದೆ. ಅದು ಬೇಸಗೆಗೆ ಮುಂಚಿನ ಮಾತು, ಆಗ ನಾವು ದಿನಾ ಫೋನಿನಲ್ಲಿ ಹರಟುತ್ತಿದ್ದೆವು. ನೆರಳಿನ ಬಲೆ ಕಟ್ಟಿ, ಎರಡು ಹೊತ್ತು ನೀರು ಬಿಟ್ಟರೂ ಬಿಸಿಲಿಗೆ ಅರ್ಧ ಸತ್ತವು. ಉಳಿದವು ಜಗ್ಗದೆ ನಿಂತವು.

ಚಳಿ ಶುರುವಾಗುತ್ತಲೇ, ಗೆಡ್ಡೆ ಕೀಳುವ ದಿನ ಎಲ್ಲ ಮಕ್ಕಳ ಮನೆಯವರನ್ನು ಕರೆದು ಹಬ್ಬ ಮಾಡುವುದೆಂದು ಟೀಚರ್ ನಿಶ್ಚಯಿಸಿದರು. ಬರುವವರು ಇಲ್ಲಿಯ ನೆಲದಲ್ಲಿ ಬೆಳೆದದ್ದು ಅಥವಾ ಇಲ್ಲಿಯ ಕಡಲಲ್ಲಿ ಸಿಕ್ಕಿದ್ದರಿಂದ ಏನಾದರೂ ಮಾಡಿ ತರಬೇಕು. ಸಸಿ ಕೊಟ್ಟವರಂತೂ ಬರಲೇಬೇಕು, ಮೊದಲ ತುತ್ತು ಅವರದ್ದು ಎಂದರು. ಅಕ್ಕನಿಗೆ ಪುರುಸೊತ್ತಿಲ್ಲ ಎಂದು ನಾನು ಜಾರಿಕೊಂಡೆ.

ಅದೇ ವಾರ ಮಗಳು, ದೊಡ್ಡಮ್ಮ ಕುವೈತ್ ಬಿಟ್ಟು ಹೋಗ್ತಾರಲ್ಲ, ನಿನಗೆ ಗೊತ್ತಿಲ್ವಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಶುಐಬಾದ ಕಾರ್ಖಾನೆಯಲ್ಲಿ ಭಾವನ ಕೆಲಸ ಮುಗಿದಿತ್ತು. ವರ್ಷ ಮುಗಿಯುವ ಮೊದಲೇ ಇಬ್ಬರೂ ಊರಿಗೆ ಹೊರಡುವವರಿದ್ದರು. ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವಳೇ ಅಕ್ಕ. ಮಗಳ ಬಾಣಂತನ ಮಾಡಿದವಳೂ ಅವಳೇ. ಮಾತಿಲ್ಲದೆಯೇ ಅವಳು ವಿಮಾನ ಹತ್ತಿಬಿಡುತ್ತಾಳೆ ಎಂದು ಹೆದರಿಕೆಯಾಯಿತು. ಆದರೂ ಅವಳಿಗೆ ಫೋನ್ ಮಾಡಲು ಮನಸ್ಸು ಬಗ್ಗಲಿಲ್ಲ. ಭಾವನಿಗೆ ಮಾಡಿ, ಹವಾಯಿಯ ಟೀಚರ್ ಅಕ್ಕನನ್ನು ಕರೆದಿದ್ದಾರೆ ಎಂದೆ. ನಾನು ಕರೆದಿದ್ದೇನೆ ಎಂದು ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿದ್ದೆವು. ಕುವೈತಿ ತಾಯಂದಿರು ಖರ್ಜೂರದ ಸಿಹಿ, ಹುರಿದ ಜುಬೈದಿ ಮೀನು ತಂದಿದ್ದರು. ಈಜಿಪ್ಟಿನ ಗಣಿತದ ಮೇಷ್ಟ್ರು ಗೆಡ್ಡೆ ನೋಡಿದ್ದೇ, ಇದು ನಮ್ಮ ಕುಲ್ಕಾಸ್ ಎಂದು ತಮ್ಮ ತಾಯಿ ಮಾಡುವ ಸಾರಿನ ಕತೆ ಶುರು ಮಾಡಿದರು. ಅಕ್ಕ ಬಂದಳು, ಭಾವನ ಹಿಂದೆ, ಕೈಯಲ್ಲಿ ಸ್ಟೀಲಿನ ಡಬ್ಬಿ. ಟೀಚರ್ ಅವಳ ಕೊರಳಿಗೆ ಮಲ್ಲಿಗೆ ಹಾರ ಹಾಕಿದರು. ಅಕ್ಕ ಅದನ್ನು ಅಲ್ಲೇ ತೆಗೆದು, ಮಡಚಿ ಮುಡಿದುಕೊಂಡಳು. ಕೊಟ್ಟ ಹಾರ ತೆಗೆಯಬಾರದೆಂಬುದು ಹವಾಯಿಯ ರೀತಿಯಂತೆ, ಆದರೂ ಟೀಚರ್ ನಕ್ಕುಬಿಟ್ಟರು. ಡಬ್ಬಿಯಲ್ಲಿದ್ದದ್ದು ಪತ್ರೊಡೆ. ಬಾಲ್ಕನಿಯ ಎಲೆಯನ್ನೆಲ್ಲ ಕೊಯ್ದಾಯಿತು, ಇನ್ನು ಬಕೆಟ್ ಖಾಲಿ ಎಂದು ಅಕ್ಕ ತನ್ನ ಇಂಗ್ಲಿಷಿನಲ್ಲಿ ಅವರಿಗೆ ಹೇಳುವುದು ಕೇಳಿಸಿತು. ನನಗೆ ಅಳು ಬಂತು. ತೋರಿಸಿಕೊಳ್ಳಲಿಲ್ಲ.

ಬೆಂದ ಗೆಡ್ಡೆಯನ್ನು ಮರದ ಹಲಗೆಯ ಮೇಲಿಟ್ಟು, ತಮ್ಮ ದ್ವೀಪದಿಂದ ಪೆಟ್ಟಿಗೆಯಲ್ಲಿ ಹೊತ್ತುತಂದಿದ್ದ ಕಲ್ಲಿನಿಂದ ಟೀಚರ್ ಜಜ್ಜಿದರು, ಮಕ್ಕಳಿಂದಲೂ ಜಜ್ಜಿಸಿದರು. ನೀರು ಬೆರೆಸಿ ನಾದಿದರೆ ಬೂದುಬಣ್ಣದ ಅಂಟು ಗಂಜಿ, ಅದರ ಹೆಸರು ಪೋಯಿ. ಅದನ್ನು ಮುಚ್ಚಳವಿರುವ ದೊಡ್ಡ ಮರದ ಬೋಗುಣಿಗೆ, ನಮ್ಮ ಕಡೆ ಮರಿಗೆ ಅನ್ನುವಂಥದ್ದಕ್ಕೆ, ತುಂಬಿ ನಡುವೆ ಇಟ್ಟರು. ಮುಚ್ಚಳ ತೆಗೆಯುವ ಮೊದಲು ಮೈಕಿನಲ್ಲಿ ಒಂದು ನಿಯಮ ಹೇಳಿದರು. ಈ ಮರಿಗೆ ತೆರೆದಿರುವಷ್ಟು ಹೊತ್ತು ಯಾರೂ ಜಗಳವಾಡುವಂತಿಲ್ಲ, ಕೆಟ್ಟ ಮಾತು ಎತ್ತುವಂತಿಲ್ಲ, ಹಿರಿಯಣ್ಣ ಎದುರಿಗೇ ಕೂತಿದ್ದಾನೆ. ನಮ್ಮ ಜಗಳ ಅವರಿಗೆ ಗೊತ್ತಿರಲಿಲ್ಲ. ಸಸಿ ಕೊಟ್ಟ ಮನೆಯವರೆಂದು ಅಕ್ಕನನ್ನೂ ನನ್ನನ್ನೂ ಮರಿಗೆಯ ಬಳಿಯೇ ಅಕ್ಕಪಕ್ಕ ಕೂರಿಸಿದರು.

ಪೋಯಿಯನ್ನು ಎಲ್ಲರೂ ಅದೇ ಮರಿಗೆಗೆ ಬೆರಳು ಅದ್ದಿ ತಿನ್ನುತ್ತಾರೆ. ಅಕ್ಕ ಬೆಚ್ಚಿದಳು. ನಮ್ಮ ಮನೆಯಲ್ಲಿ ಎಂಜಲೆಂದರೆ ಎಂಜಲು. ಚಿಕ್ಕವಳಿದ್ದಾಗ ನಾನು ಕಚ್ಚಿದ ಮಾವಿನಕಾಯಿಯನ್ನೂ ಅವಳು ಮುಟ್ಟಿದವಳಲ್ಲ. ಭಾವನಿಗೆ ಕಣ್ಸನ್ನೆ ಮಾಡಿ ಸೌಟು ತರಿಸಿ, ತನ್ನ ತಟ್ಟೆಗೆ ಬೇರೆ ಬಡಿಸಿಕೊಂಡಳು. ಮೊದಲ ತುತ್ತು ಬಾಯಿಗಿಟ್ಟು ಉಪ್ಪಿಲ್ಲ, ಖಾರ ಇಲ್ಲ ಎಂದು ಮೆಲ್ಲಗೆ ಗೊಣಗಿದಳು. ನಾನು ಹಟಕ್ಕೆ ಬಿದ್ದವಳಂತೆ ಮರಿಗೆಗೇ ಬೆರಳು ಹಾಕಿ ತಿಂದೆ. ನಿಜ ಹೇಳಬೇಕೆಂದರೆ ನನಗೂ ರುಚಿಸಲಿಲ್ಲ.

"ನಿನ್ನತ್ರ ಹೇಳ್ಲಿಕ್ಕೆ ತುಂಬ ಉಂಟು. ಇದನ್ನೊಮ್ಮೆ ಮುಚ್ಲಿ" ಎಂದಳು ಅಕ್ಕ, ಎದುರು ನೋಡುತ್ತಾ.

"ನಂಗೂ ಉಂಟು. ಮುಚ್ಲಿ" ಎಂದೆ.

ಮುಚ್ಚುವ ತನಕ ಏನಾದರೂ ಆಡಬೇಕಲ್ಲ. ಅವಳ ಮಂಡಿನೋವು ಹೇಗಿದೆ ಎಂದು ಕೇಳಿದೆ. ಮಗಳು ಕೂದಲು ಯಾಕೆ ಅಷ್ಟು ಗಿಡ್ಡ ಕತ್ತರಿಸಿದಳು ಎಂದು ಅವಳು ಕೇಳಿದಳು. ಫ್ರಿಜ್ ಯಾರಿಗೆ ಕೊಡುವುದು, ದೊಡ್ಡ ಇಡ್ಲಿ ಪಾತ್ರೆ ಪೆಟ್ಟಿಗೆಯಲ್ಲಿ ಹಿಡಿಯುತ್ತದೋ ಇಲ್ಲವೋ ಎಂದೆಲ್ಲ ಮಾತು ಬಂತು. ಅವಳ ಪತ್ರೊಡೆ ತಿಂದು, ಗಂಟಲು ತುರಿಸಲಿಲ್ಲ ಎಂದೆ. ಅಕ್ಕನ ಬಾಯಿಗೆ ಏನೋ ಬಂತು, ಮರಿಗೆಯ ಕಡೆ ನೋಡಿ ನುಂಗಿಕೊಂಡಳು. ಅಷ್ಟರಲ್ಲಿ ಟೀಚರ್, ಕಿತ್ತ ಗೆಡ್ಡೆಗಳ ತಲೆಯನ್ನು ದಂಟಿನ ಸಮೇತ ಕೊಯ್ದು ಮತ್ತೆ ಅದೇ ಮಣ್ಣಿಗೆ ನೆಡಿಸುತ್ತಿದ್ದರು. ಬರುವ ವರ್ಷಕ್ಕೆ ಅದೇ ಸಸಿ. ನನ್ನ ಬಕೆಟ್ಟುಗಳನ್ನು ಬಂದು ತಗೊಂಡು ಹೋಗು, ಮನೆಯಲ್ಲೂ ಒಂದೆರಡು ನೆಡು ಎಂದಳು ಅಕ್ಕ. ಬರುತ್ತೇನೆ ಎಂದೆ. ಅವಳಿಲ್ಲದ ಆ ಎಗೈಲಾ ಹೇಗಿರುತ್ತದೋ ಎಂದು ಯೋಚಿಸಿದರೆ ಸಂಕಟವಾಗುತ್ತಿತ್ತು.

ಬಿಸಿಲು ಏರಿ ಜನ ಏಳತೊಡಗಿದರು. ಟೀಚರ್ ಮುಚ್ಚಳ ಹಿಡಿದು ಬಂದು, ಮುಚ್ಚಬಹುದೇ ಎಂದು ನಮ್ಮಿಬ್ಬರನ್ನು ಕೇಳಿದರು. ಮರಿಗೆಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಅದರಲ್ಲಿ ನಾನು ಬೆರಳಾಡಿಸಿದ ಗುರುತು ಇತ್ತು.

ಅಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮರಿಗೆಗೇ ಎರಡು ಬೆರಳು ಅದ್ದಿದಳು.

"ಇನ್ನೂ ಆಗ್ಲಿಲ್ಲ ನಮ್ದು" ಎಂದಳು.