ಲೈವೋ, ರೆಕಾರ್ಡೋ

ಕೊರೋನಾದಿಂದ ಕಾಲೇಜಿಗೆ ಬೀಗ ಬಿದ್ದ ವರ್ಷ ನಾನು ನಂಜನಗೂಡಿನಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೆ. ಮನೆಯಿಂದಲೇ ಪಾಠ ಮಾಡಿ ಎಂದರು. ಹೇಗೆ ಅಂತ ಯಾರೂ ಹೇಳಲಿಲ್ಲ. ಅಡುಗೆಮನೆಯ ಎರಡು ಡಬ್ಬಗಳ ಮೇಲೆ ಫೋನನ್ನು ಕ್ಯಾಮೆರಾ ಕೆಳಗಾಗುವಂತೆ ಅಡ್ಡ ಮಲಗಿಸಿ, ಕೆಳಗೆ ಹಾಳೆ ಇಟ್ಟು ಬರೆಯುತ್ತಾ ಲೈವ್ ಕ್ಲಾಸ್ ಶುರು ಮಾಡಿದೆ. ಮುಗಿದ ಮೇಲೆ ಒಬ್ಬ ಮೆಸೇಜ್ ಹಾಕಿದ: "ಮೇಡಂ, ನೀವು ಬರೆದದ್ದೆಲ್ಲ ತಲೆಕೆಳಗಾಗಿ ಕಾಣ್ತಿತ್ತು." ಆಗಲೇ ಯಾಕಪ್ಪಾ ಹೇಳಲಿಲ್ಲ ಅಂದರೆ, "ನಾವೇ ಫೋನ್ ತಿರುಗಿಸ್ಕೊಂಡ್ವಿ."

ಅದೇನೋ ಸರಿಹೋಯಿತು. ಆಮೇಲೆ ಬಿಳಿಗೆರೆಯ ವಿದ್ಯಾರ್ಥಿಯೊಬ್ಬ ಕರೆ ಮಾಡಿದ. "ಲೈವ್ ಬ್ಯಾಡಿ ಮೇಡಂ. ಫೋನು ಅಪ್ಪನ ಜೊತೆ ಗದ್ದೆಗೆ ಓಯ್ತದೆ, ಬರೋದು ಸಂಜೆಗೆ. ರೆಕಾರ್ಡ್ ಮಾಡಿ ಕಳ್ಸಿ."

ನ್ಯಾಯವೇ ಅನ್ನಿಸಿತು. ಒಬ್ಬಳೇ ಕೂತು ರೆಕಾರ್ಡ್ ಮಾಡತೊಡಗಿದೆ. ನಡುವೆ "ಅರ್ಥ ಆಯ್ತಾ?" ಎಂದು ಕೇಳಿ, ಅಭ್ಯಾಸಬಲದಿಂದ ಉತ್ತರಕ್ಕೆ ಕಾಯುತ್ತಿದ್ದೆ. ಡಬ್ಬಗಳ ಎದುರು ಕೂತು ನಾನು ಮಾಡುತ್ತಿರುವುದು ಪಾಠವೇ ಹೌದಾ ಎಂದು ಗೊತ್ತಾಗುತ್ತಿರಲಿಲ್ಲ.

ಅಷ್ಟರಲ್ಲಿ ಮುಡುಕುತೊರೆಯ ಹುಡುಗಿಯೊಬ್ಬಳ ಫೋನು ಬಂತು. "ಲೈವೇ ಇರ್ಲಿ ಮೇಡಂ. ರೆಕಾರ್ಡ್ ಅಂದ್ರೆ ಮನೇಲಿ, ಆಮೇಲೆ ನೋಡ್ಕೊ, ಮೊದ್ಲು ಕೆಲ್ಸ ಮಾಡು ಅಂತಾರೆ. ಕ್ಲಾಸ್ ನಡೀತಾ ಅದೆ ಅಂದ್ರೆ ಯಾರೂ ಕರೆಯಕಿಲ್ಲ."

ಯಾರ ಮಾತು ಕೇಳಲಿ? ತಿಳಿಯದೆ ಎರಡನ್ನೂ ಹಿಡಿದೆ. ಬೆಳಿಗ್ಗೆ ಲೈವ್, ಮಧ್ಯಾಹ್ನ ಅದೇ ಪಾಠದ ರೆಕಾರ್ಡ್. ಯಾವ ಲೆಕ್ಕವನ್ನು ಎಲ್ಲಿ ಬಿಡಿಸಿದೆ ಎಂಬುದು ನನಗೇ ಕಲಸುಮೇಲೋಗರವಾಯಿತು. ಬೆಳಗಿನ ಕ್ಲಾಸಿಗೆ ಆ ಹುಡುಗಿ ಮಾತ್ರ ತಪ್ಪದೆ ಬರುತ್ತಿದ್ದಳು. ಸಿಗ್ನಲ್ಲಿಗಾಗಿ ಅವರೂರಿನ ಬೆಟ್ಟದ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಕೇಳಿಸ್ತಿದೆಯಾ ಎಂದರೆ ತಲೆಯಾಡಿಸುತ್ತಿದ್ದಳು. ಇವಳೊಬ್ಬಳಿಗಾದರೂ ಮುಟ್ಟುತ್ತಿದೆಯಲ್ಲ ಎಂದುಕೊಳ್ಳುತ್ತಿದ್ದೆ.

ಕಾಲೇಜು ತೆರೆದ ದಿನ ಅವಳು ಮುಂದಿನ ಬೆಂಚಿನಲ್ಲೇ ಕೂತಿದ್ದಳು. ಪಾಠ ಮುಗಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಮೇಡಂ, ಲಿಮಿಟ್ ಅಂದ್ರೆ ಏನು?"

ಆನ್‌ಲೈನಿನಲ್ಲಿ ನಾನು ಮಾಡಿದ ಮೊಟ್ಟಮೊದಲ ಪಾಠವೇ ಅದು. "ಯಾಕಮ್ಮಾ, ದಿನಾ ಕ್ಲಾಸಲ್ಲಿ ಇದ್ದೆಯಲ್ಲ?"

"ಇದ್ದೆ. ಮಾತು ತುಂಡುತುಂಡಾಗಿ ಬತ್ತಿತ್ತು ಮೇಡಂ."

"ರೆಕಾರ್ಡ್ ನೋಡ್ಬೋದಿತ್ತಲ್ಲ?"

"ಮನೇಲಿ ನೋಡಕ್ಕೆ ಬಿಡಬೇಕಲ್ಲ."

"ಮತ್ತೆ ಏನೂ ತಿಳೀದೆ ಅಷ್ಟೊತ್ತು ಯಾಕೆ ಕೂತಿರ್ತಿದ್ದೆ?"

ಅವಳು ನಕ್ಕಳು. "ಅಲ್ಲಿ ಕೂತಿದ್ರೆ ಕಾಲೇಜಲ್ಲಿ ಇದ್ದಂಗೆ ಆಯ್ತಿತ್ತು."

ಅವಳ ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ಮೊದಲಿಂದ ಶುರು ಮಾಡಿದೆ. ಆನ್‌ಲೈನ್ ಪಾಠಕ್ಕೆ ಯಾವ ವಿಧಾನ ಒಳ್ಳೆಯದು ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರುಗಳು ಈಗಲೂ ನನ್ನನ್ನು ಕೇಳುತ್ತಾರೆ. ಒಂದೊಂದು ಸಲ ಒಂದೊಂದು ಹೇಳುತ್ತೇನೆ.