ಬೀಗರ ಮನೆಯ ಸಿಹಿನೀರು

ಟಿಕೋಟಾದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಗುರಲಿಂಗಪ್ಪ ಬೇರೆಯವರ ಮನೆಗಳ ವಿಷಯದಲ್ಲಿ ದೊಡ್ಡ ಪಂಡಿತ. ಯುದ್ಧಕಾಲದ ಹತ್ತಿಯಲ್ಲಿ ನಾಲ್ಕು ಕಾಸು ಕಂಡ ಸುತ್ತಲಿನ ಮಂದಿ ವಿಜಾಪುರದಲ್ಲಿ ಮನೆ ಕೊಳ್ಳಹೊರಟರೆ ಅವನನ್ನು ಮೋಟಾರಿನಲ್ಲಿ ಕೂಡಿಸಿಕೊಂಡು ಹೋಗುತ್ತಿದ್ದರು. ಆತ ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು ಕಿವಿ ಹಚ್ಚುವನು. ತೊಲೆಗೆ ಚಾಕು ಚುಚ್ಚಿ ಗೆದ್ದಲು ಹುಡುಕುವನು. ನೆರೆಯವರನ್ನು ಮಾತಿಗೆಳೆದು, ಮಾರುವವನಿಗೆ ಯಾಕಿಷ್ಟು ಅವಸರ ಎಂದು ತಿಳಿದುಕೊಳ್ಳುವನು. ಕಡೆಗೆ ಬಾವಿ. ವಿಜಾಪುರದ ಅರ್ಧ ಬಾವಿಗಳ ನೀರು ಸವಳು, ಬಾಯಿಗಿಟ್ಟರೆ ಉಪ್ಪುಪ್ಪು. ಆದ್ದರಿಂದ ಮನೆಯವರು ತುಂಬಿ ತಂದ ನೀರನ್ನು ಆತ ಮುಟ್ಟುತ್ತಿರಲಿಲ್ಲ. ತಾನೇ ಹಗ್ಗ ಹಿಡಿದು ಸೇದಿ, ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ ಕುಡಿದು ತೀರ್ಪು ಕೊಡುತ್ತಿದ್ದ. ಇದಕ್ಕೆ ಸಂಬಳ ಒಂದು ಕಪ್ಪು ಚಹಾ, ಒಂದಿಷ್ಟು ಹೊಗಳಿಕೆ. ಹೊಗಳಿಕೆ ಕಡಿಮೆ ಬಿದ್ದರೆ ಇನ್ನೊಂದು ಕಪ್ಪು.

ಸ್ವಂತಕ್ಕೆ ಮಾತ್ರ ಹನ್ನೆರಡು ವರ್ಷದಿಂದ ಒಂದು ಮನೆಯೂ ಪಾಸಾಗಿರಲಿಲ್ಲ. ತೊರವಿ ಹಾದಿಯ ಖಾಲಿ ಜಾಗ ಅಗ್ಗ, ಆದರೆ ದೀಪವಿಲ್ಲ, ನೆರೆಯಿಲ್ಲ. ಪೇಟೆಯೊಳಗಿನ ಮನೆ ಗಟ್ಟಿ, ಆದರೆ ಒಳಗೆ ಕೂತ ಬಾಡಿಗೆದಾರ ಅದಕ್ಕಿಂತ ಗಟ್ಟಿ. ಹೆಂಡತಿ ಗುರುಸಿದ್ದವ್ವನ ಮೊಣಕಾಲು ಈ ವಿಮರ್ಶೆ ಮುಗಿಯುವವರೆಗೆ ಕಾಯಲಿಲ್ಲ. ಹಳ್ಳದಿಂದ ನೀರು ಹೊತ್ತು ಹೊತ್ತು ಬಾತುಹೋಗಿತ್ತು.

"ನನಗ ಮಾಳಗಿ ಬ್ಯಾಡ, ಮಹಲ ಬ್ಯಾಡ. ಹಿತ್ತಲದಾಗ ಒಂದು ಸಿಹಿನೀರಿನ ಬಾವಿ ಇರಲಿ," ಎಂದಳು. "ಇಲ್ಲಾಂದ್ರ ಮುಂದ ನನ್ನ ಹೊತಗೊಂಡು ತಿರಗೂ ಕೆಲಸ ನಿಮಗ ಬರತೈತಿ ನೋಡ್ರಿ."

ಯುದ್ಧ ಮುಗಿದ ಮರುವರ್ಷ ಬೀಗ ಅಮರಪ್ಪ, ವಿಜಾಪುರದ ಮನೆ ಮಾರಿ ತನ್ನೂರು ಬಬಲೇಶ್ವರಕ್ಕೆ ಹೋಗುವುದಾಗಿ ಹೇಳಿಕಳಿಸಿದ. ಗುರಲಿಂಗಪ್ಪ ಆರು ವರ್ಷದ ಹಿಂದೆ ಮಗಳು ನೀಲಾಬಾಯಿಯನ್ನು ಕೊಟ್ಟ ಮನೆ ಅದು. ಗೋಡೆ ಸರಿ, ತೊಲೆ ಸಾಗವಾನಿ, ಬಾಡಿಗೆದಾರನಿಲ್ಲ, ಹಿತ್ತಲಲ್ಲಿ ತುಂಬಿದ ಬಾವಿ. ಗುರಲಿಂಗಪ್ಪ ಹಗ್ಗಕ್ಕೆ ಕೈ ಹಾಕಿದ. ಅಮರಪ್ಪ ಆ ಕೈ ಹಿಡಿದುಕೊಂಡ.

"ಏನ್ ಬೀಗರ, ನಮ್ಮ ಮನ್ಯಾಗ ನೀವು ನೀರು ಸೇದೂದೇನ್ರಿ? ಓಣಿ ಮಂದಿ ನನ್ನ ಮಾರಿ ಮ್ಯಾಲ ಉಗಳ್ತಾರ. ನೀಲಾ, ನಿಮ್ಮಪ್ಪಗ ಬೆಲ್ಲಾ ನೀರು ತಗೊಂಬಾ."

ಬೀಗರ ಮನೆಯಲ್ಲಿ ಅನುಮಾನಪಡುವುದು ಹೇಗೆ? ಆದರೂ ಗುರಲಿಂಗಪ್ಪ ಕಸಬು ಬಿಡಲಿಲ್ಲ. ಸಿಹಿ ತಿಂದ ನಾಲಿಗೆ ಸುಳ್ಳು ಹೇಳುತ್ತದೆಂದು ಬೆಲ್ಲವನ್ನು ಯಾರೂ ನೋಡದಂತೆ ಜೇಬಿಗಿಳಿಸಿ, ತನ್ನ ಜಾಣತನಕ್ಕೆ ತಾನೇ ಮೆಚ್ಚಿದ. ಮಗಳ ಕೈಯಿಂದ ತಂಬಿಗೆ ಇಸಿದುಕೊಂಡು ಕುಡಿದ. ಹಾಲಿನಂಥ ನೀರು. ನೀಲಾಬಾಯಿ ನೆಲ ನೋಡುತ್ತ ನಿಂತಿದ್ದಳು. ಮಾವನ ಮುಂದೆ ಸೊಸೆ ಹೀಗಿರಬೇಕು ಎಂದು ಆತ ಒಳಗೊಳಗೇ ಹಿಗ್ಗಿದ. ಟಿಕೋಟಾದ ಮನೆ ಮಾರಿದ ಹಣಕ್ಕೆ ಗುರುಸಿದ್ದವ್ವನ ಕೈಯ ಬಂಗಾರದ ಪಾಟಲಿಗಳೂ ಕೂಡಿ ಖರೀದಿಪತ್ರವಾಯಿತು.

ಮನೆ ಹೊಕ್ಕ ದಿನ ಬೀಗರೂ ನೀಲಾಬಾಯಿಯೂ ಬಬಲೇಶ್ವರದಿಂದ ಬಂದರು. ಪೂಜೆ ಮುಗಿಯುವತನಕ ಯಾರೂ ಬಾಯಿಗೆ ನೀರು ಹಾಕಿರಲಿಲ್ಲ. ರೇಶನ್ನಿನ ಕಾಲದಲ್ಲಿ ಅವರಿವರನ್ನು ಕಾಡಿ ಕೂಡಿಸಿದ ಕಡಲೆಬೇಳೆ ಒಲೆಯ ಮೇಲಿತ್ತು. ಹೊತ್ತು ನೆತ್ತಿಗೇರಿದರೂ ಬೇಳೆ ಬೇಯಲಿಲ್ಲ. ಹೋಳಿಗೆಗೆ ಹೂರಣವಿಲ್ಲ, ಬೀಗರು ಸಾಲು ಹಿಡಿದು ಕೂತಿದ್ದಾರೆ. ಗುರುಸಿದ್ದವ್ವ ಬಾವಿಯಿಂದ ತಂದ ನೀರನ್ನು ಒಂದು ಗುಟುಕು ಬಾಯಿಗೆ ಹಾಕಿ, ಹಾಗೆಯೇ ಬಚ್ಚಲಿಗೆ ಉಗುಳಿದಳು.

"ನೀವು ಇದನ್ನ ಕುಡದು ನೋಡಿದ್ರಲ್ಲ?"

ಗುರಲಿಂಗಪ್ಪ ಆ ನೀರಿಗೆ ಕೈ ಚಾಚುವಷ್ಟರಲ್ಲಿ ನೀಲಾಬಾಯಿ ಎದ್ದಳು. ಯಾರೂ ಹೇಳಿರಲಿಲ್ಲ. ಸಿಂಬಿ ಸುತ್ತಿ, ಎರಡು ಕೊಡ ಎತ್ತಿಕೊಂಡು, ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ಕಣ್ಣು ಕಟ್ಟಿ ಬಿಟ್ಟರೂ ತಪ್ಪದ ಹೆಜ್ಜೆಗಳು. ಗುರಲಿಂಗಪ್ಪ ಹಿಂದೆ ಓಡಿ, ಬಾದಶಾಹಿ ಕಾಲದ ದೊಡ್ಡ ಬಾವಿ ತಾಜಬಾವಡಿಯ ಮೆಟ್ಟಿಲುಗಳ ಮೇಲೆ ಅವಳನ್ನು ಹಿಡಿದ.

"ಅವತ್ತ ನೀ ಕೊಟ್ಟ ನೀರು?"

"ಇಲ್ಲೀದ, ಯಪ್ಪಾ."

"ನಿಮ್ಮ ಮಾವ ಮೋಸ ಮಾಡಿದ, ಆತು. ನೀನೂ ಕೂಡಿ ಮಾಡಿದೆಲ್ಲ?"

"ಬಾಯಿ ಬಿಟ್ಟಿದ್ರ ಆ ಮನ್ಯಾಗ ಬಾಳೇ ಮಾಡಾಕಿ ಯಾರು? ನಾನ ಅಲ್ಲೇನು?"

"ಒಂದು ಕಣ್ಸನ್ನಿ ಮಾಡಬಾರದಿತ್ತಾ? ನಿಮ್ಮವ್ವನ ಪಾಟಲಿ ಹೋದ್ವು, ಇದ್ದ ಮನಿ ಹೋತು."

ನೀಲಾಬಾಯಿ ಕೊಡ ಮುಳುಗಿಸಿದಳು. ಅದು ಗುಡುಗುಡು ತುಂಬಿಕೊಂಡಿತು.

"ಆರು ವರ್ಷ, ದಿನಾ ನಾಕು ಸರತಿ ಈ ಮೆಟ್ಟಲಾ ಹತ್ತಿ ಇಳದೇನಿ. ಊರ ಮಂದಿ ಬಾವಿ ಎಲ್ಲಾ ಸೇದಿ ನೋಡ್ತಿದ್ದಿ. ನನ್ನ ಆ ಮನಿಗಿ ಕೊಡೂ ಮುಂದ ಒಂದು ಹನಿ ನೋಡಿದ್ದೇನು?"

ನೋಡಿರಲಿಲ್ಲ. ಹೆಣ್ಣು ಕೊಡುವ ಮಾತಿಗೆ ಹೋದ ದಿನ ಆತ ಬರೀ ಚಹಾ ಕುಡಿದು ಬಂದಿದ್ದ.

ಒಂದು ಕೊಡವನ್ನು ಹೆಗಲಿಗೇರಿಸಿಕೊಂಡು ಗುರಲಿಂಗಪ್ಪ ಮಗಳ ಹಿಂದೆ ನಡೆದ. ಆ ನೀರಿನಲ್ಲಿ ಬೇಳೆ ಬೆಂದು ಪಂಕ್ತಿ ಕೂರುವಾಗ ಹೊತ್ತು ಇಳಿದಿತ್ತು. ಅಮರಪ್ಪ ಮೂರನೆಯ ಹೋಳಿಗೆ ಮುರಿಯುತ್ತ, "ಭಾಳ ಮೆತ್ತಗ ಆಗ್ಯಾವ ನೋಡ್ರಿ ಬೀಗರ. ನೀರಿನ ಗುಣ," ಎಂದ.

ಗುರಲಿಂಗಪ್ಪ ಜವಾಬು ಕೊಡಲು ಬಾಯಿ ತೆರೆದ. ಒಳಬಾಗಿಲಲ್ಲಿ ನೀಲಾಬಾಯಿ ತನ್ನ ಗಂಟು ಕಟ್ಟಿಟ್ಟುಕೊಂಡು ನಿಂತಿದ್ದಳು; ಸಂಜೆಯ ಬಬಲೇಶ್ವರದ ಮೋಟಾರನ್ನು ಅವಳು ಇದೇ ಮಾವನ ಜೊತೆ ಹತ್ತಬೇಕು.

"ಇನ್ನೊಂದು ಹಾಕ್ಲೇನ್ರಿ ಬೀಗರ?" ಎಂದು ಕೇಳಿ, ಗುರಲಿಂಗಪ್ಪ ಅವನ ಪತ್ರಾವಳಿಗೆ ತುಪ್ಪ ಸುರಿದ.